ಎದುರುಮನೆ ನೋಡಿ ಕಟ್ಟಿದ ಸೌಧ

ತೇರಗಾಂವದಿಂದ ಬೆಂಗಳೂರಿಗೆ ಬಂದವರು ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳದೆ ಊರಿಗೆ ಮರಳೋದಿಲ್ಲ. ಫೋಟೋ ಆದ ಮೇಲೆ ಒಮ್ಮೆ ಹಿಂದೆ ತಿರುಗಿ ನೋಡಿ. ರಸ್ತೆಯಾಚೆ ಕೆಂಪು ಬಣ್ಣದ ಅಠಾರಾ ಕಚೇರಿ ಇದೆ. 1868ರ ಕಟ್ಟಡ, ಇವತ್ತಿನ ಹೈಕೋರ್ಟ್.

1951ರಲ್ಲಿ ನೆಹರು ಅಡಿಗಲ್ಲು ಇಟ್ಟಾಗ ಇದ್ದದ್ದು ಸರಳ ನಕ್ಷೆ. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಅದನ್ನು ಬದಲಿಸಿದರು. ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಕಂ. 1956ರ ಹೊತ್ತಿಗೆ ದ್ರಾವಿಡ ಶೈಲಿಯ ಸೌಧ ಎದ್ದು ನಿಂತಿತು. ಬ್ರಿಟಿಷರ ಕಾಲದ ಕೆಂಪು ಕಟ್ಟಡಕ್ಕೆ ನಮ್ಮ ಬೂದುಗಲ್ಲಿನ ಉತ್ತರ! ಆದರೆ ಉತ್ತರ ಕೊಡೋಕೆ ಎದುರಿಗೆ ಯಾರಾದರೂ ಇರಬೇಕಲ್ಲ?

1980ರ ದಶಕದಲ್ಲಿ ಸರ್ಕಾರ ಅಠಾರಾ ಕಚೇರಿಯನ್ನೇ ಕೆಡವಲು ಹೊರಟಿತು. ನಾಗರಿಕರು ಕೋರ್ಟ್ ಮೆಟ್ಟಿಲೇರಿದರು. ಕಟ್ಟಡ ಉಳಿಯಿತು. 2005ರಲ್ಲಿ ವಿಧಾನಸೌಧದ ಪಕ್ಕದಲ್ಲೇ ವಿಕಾಸಸೌಧ ಬಂತು, ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ.

ನಾನು ಎಂಜಿನಿಯರಿಂಗ್ ಓದಿದವನು. ಪಿಲ್ಲರ್ ಎಷ್ಟು ಭಾರ ಹೊರುತ್ತೆ ಅಂತ ಕಲಿತೆ. ಪಕ್ಕದ ಕಟ್ಟಡದ ಮರ್ಯಾದೆ ಯಾವ ಲೆಕ್ಕದಲ್ಲೂ ಬರಲಿಲ್ಲ.

ತಾಲೂಕುಗಳಲ್ಲೂ ಮಿನಿ ವಿಧಾನಸೌಧಗಳು ಬಂದವು. ಹೆಸರು ತಂದೆವು, ಎದುರುಮನೆ ನೋಡುವ ಬುದ್ಧಿ ತರಲಿಲ್ಲ. ಹಳಿಯಾಳದ ಕಡೆ ಎದುರಿಗಿರೋದು ಹೆಂಚಿನ ಮಾಡು, ಮಳೆಗಾಲದ ಜಡಿಮಳೆ. ನಾಳೆ ನಿಮ್ಮೂರಿಗೆ ಸರ್ಕಾರಿ ಕಟ್ಟಡದ ನಕ್ಷೆ ಬಂದರೆ ಎಷ್ಟು ಕೋಟಿ ಅಂತ ಮಾತ್ರ ಕೇಳಬೇಡಿ. ಎದುರಿಗೆ ಏನಿದೆ ಅಂತ ನೋಡಿದ್ದೀರಾ? ಇದನ್ನೂ ಕೇಳಿ. ಕೇಳಿದವರಿದ್ದರು, ಅದಕ್ಕೇ ಅಠಾರಾ ಕಚೇರಿ ಇವತ್ತಿಗೂ ನಿಂತಿದೆ.