ಟಾಂಗಿನ ಶಿಶು

ಮನುಷ್ಯನನ್ನು ಇತರ ಪ್ರಾಣಿಗಳಿಂದ ಬೇರ್ಪಡಿಸುವ ಮುಖ್ಯ ಲಕ್ಷಣ ಯಾವುದೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ‘ಬುದ್ಧಿ’ ಎಂದೇ ಉತ್ತರ ಹೇಳಿಯಾರು. ಹಾಗಿರುವಲ್ಲಿ, ವಾನರಸದೃಶನಾದ ನಮ್ಮ ಪೂರ್ವಜನು ಮನುಷ್ಯತ್ವದ ಕಡೆಗೆ ಇಟ್ಟ ಮೊದಲ ಹೆಜ್ಜೆಯೂ ಮಿದುಳಿನ ಬೆಳವಣಿಗೆಯೇ ಇದ್ದಿರಬೇಕೆಂದು ಊಹಿಸುವುದು ಸಹಜವೇ ಸರಿ. ಮೊದಲು ಮಿದುಳು ದೊಡ್ಡದಾಯಿತು. ಆ ಬುದ್ಧಿಬಲದಿಂದ ಅವನು ಎದ್ದು ನಿಂತು ನಡೆದನು. ಬಿಡುವಾದ ಕೈಗಳಲ್ಲಿ ಕಲ್ಲನ್ನು ಹಿಡಿದು ಆಯುಧವನ್ನಾಗಿ ಮಾಡಿಕೊಂಡನು. ಈ ಕ್ರಮವು ನಮ್ಮ ಅಭಿಮಾನಕ್ಕೂ ಹಿತವಾದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹೆಸರಾಂತ ಅಂಗರಚನಾಶಾಸ್ತ್ರಜ್ಞರು ಅನೇಕರು ಇದನ್ನೇ ನಂಬಿದ್ದರು. ಆದರೆ ಭೂಮಿಯಲ್ಲಿ ದೊರೆತ ಅಸ್ಥಿಗಳು ಬೇರೆಯೇ ಕ್ರಮವನ್ನು ಹೇಳಿದುವು. ಆ ಸಾಕ್ಷ್ಯವನ್ನು ಒಪ್ಪಿಕೊಳ್ಳಲು ವಿದ್ವತ್ಪ್ರಪಂಚಕ್ಕೆ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟ ಕಾಲ ಏಕೆ ಹಿಡಿಯಿತೆಂಬುದನ್ನು ಶ್ರೋತೃಗಳೊಡನೆ ವಿಚಾರಮಾಡುವುದೇ ಈ ಭಾಷಣದ ಉದ್ದೇಶ.

ಮನುಷ್ಯನಿಗೆ ಅತ್ಯಂತ ಸಮೀಪದ ಪ್ರಾಣಿಗಳಾದ ಗೊರಿಲ್ಲ ಚಿಂಪಾಂಜಿಗಳು ಆಫ್ರಿಕದಲ್ಲಿ ವಾಸಿಸುವುದರಿಂದ ನಮ್ಮ ಆದಿಪೂರ್ವಜರೂ ಅಲ್ಲಿಯೇ ಇದ್ದಿರುವ ಸಂಭವ ಹೆಚ್ಚೆಂದು 1871ರಲ್ಲಿಯೇ ಚಾರ್ಲ್ಸ್ ಡಾರ್ವಿನ್ನನು ಬರೆದಿದ್ದನು. ಆದರೆ ಮೊದಲ ಮಹತ್ವದ ಅವಶೇಷ ದೊರೆತುದು ಏಷ್ಯದಲ್ಲಿ. ಯೂಜೀನ್ ಡುಬಾಯ್ ಎಂಬ ಡಚ್ಚರ ವೈದ್ಯನು 1891ರಲ್ಲಿ ಜಾವಾ ದ್ವೀಪದ ಟ್ರಿನಿಲ್ ಎಂಬಲ್ಲಿ ತಲೆಬುರುಡೆಯ ಮೇಲ್ಭಾಗವೊಂದನ್ನೂ, ಮರುವರ್ಷ ತೊಡೆಯ ಮೂಳೆಯೊಂದನ್ನೂ ಪಡೆದನು. ಬುರುಡೆ ವಾನರಕ್ಕೂ ನಮಗೂ ನಡುವಿನದು. ತೊಡೆಯ ಮೂಳೆ ಮಾತ್ರ ಬಹುಮಟ್ಟಿಗೆ ನಮ್ಮದರಂತೆಯೇ ಇತ್ತು. ನಡಿಗೆ ಮೊದಲು, ಮಿದುಳು ಬಳಿಕ ಎಂಬ ಸೂಚನೆ ಅದರಲ್ಲಿ ಅಡಗಿತ್ತು. ಆದರೆ ಅವೆರಡೂ ಒಂದೇ ಜೀವಿಯವೇ ಎಂಬ ವಿವಾದದಲ್ಲಿ ಆ ಸೂಚನೆ ಮರೆಯಾಯಿತು.

ಹೀಗಿರುವಾಗ 1912ರ ಡಿಸೆಂಬರಿನಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಒಂದು ಅದ್ಭುತವು ಪ್ರದರ್ಶಿತವಾಯಿತು. ಸಸೆಕ್ಸ್ ಪ್ರಾಂತದ ಪಿಲ್ಟ್‌ಡೌನ್ ಎಂಬ ಹಳ್ಳಿಯ ಗರಸುಗುಂಡಿಯಲ್ಲಿ ದೊರೆತುವೆಂದು ಚಾರ್ಲ್ಸ್ ಡಾಸನ್ ಎಂಬ ವಕೀಲನೂ, ಬ್ರಿಟಿಷ್ ವಸ್ತುಸಂಗ್ರಹಾಲಯದ ಆರ್ಥರ್ ಸ್ಮಿತ್ ವುಡ್‌ವರ್ಡನೂ ಕೆಲವು ಅಸ್ಥಿಗಳನ್ನು ಮುಂದಿಟ್ಟರು. ಬುರುಡೆ ಮನುಷ್ಯನದು, ದವಡೆ ವಾನರದ್ದು. ಪಂಡಿತರು ಬಯಸಿದುದೂ ಇದನ್ನೇ! ದೊಡ್ಡ ಮಿದುಳಿನ ಆದಿಮಾನವನು, ಅದೂ ಇಂಗ್ಲೆಂಡಿನ ನೆಲದಲ್ಲಿಯೇ, ದೊರೆತಂತಾಯಿತು. ಬುರುಡೆಗೂ ದವಡೆಗೂ ಸಂಬಂಧವಿಲ್ಲವೆಂದು ಸಂಶಯಪಟ್ಟವರು ಇಲ್ಲದಿರಲಿಲ್ಲ. ಅವರ ಮಾತು ನಡೆಯಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ಕಂಡದ್ದು ನಮ್ಮ ಮನಸ್ಸಿಗೆ ಒಪ್ಪುವಂಥದಾಗಿದ್ದರೆ ಪ್ರಮಾಣಿಸುವ ಗೋಜಿಗೆ ನಾವು ಹೋಗುವುದು ಅಪರೂಪ.

ಹನ್ನೆರಡು ವರ್ಷಗಳು ಕಳೆದುವು. 1924ರಲ್ಲಿ ದಕ್ಷಿಣ ಆಫ್ರಿಕದ ಟಾಂಗ್ ಎಂಬಲ್ಲಿ ಸುಣ್ಣಕಲ್ಲಿನ ಗಣಿಯಿಂದ ಹೊರಬಿದ್ದ ಕೆಲವು ಬಂಡೆಗಳು ಜೊಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾನಿಲಯದ ಪ್ರೊಫೆಸರನಾಗಿದ್ದ ರೇಮಂಡ್ ಡಾರ್ಟನ ಕೈ ಸೇರಿದುವು. ಅವನು ಆಸ್ಟ್ರೇಲಿಯದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಎಲಿಯಟ್ ಸ್ಮಿತ್ ಎಂಬ ಮಿದುಳುತಜ್ಞನ ಬಳಿ ಪಳಗಿದವನು. ಆಗ ಅವನ ವಯಸ್ಸು ಮೂವತ್ತೊಂದು. ಒಂದು ಕಲ್ಲು ಮಿದುಳಿನ ಅಚ್ಚಿನಂತಿತ್ತು. ತಲೆಬುರುಡೆಯ ಟೊಳ್ಳಿನಲ್ಲಿ ತುಂಬಿದ ಮಣ್ಣುಸುಣ್ಣಗಳು ಗಟ್ಟಿಯಾಗಿ ಆ ಆಕಾರವನ್ನು ತಳೆದಿದ್ದುವು. ಅದು ಹೊಂದಿಕೊಳ್ಳುವ ಇನ್ನೊಂದು ಕಲ್ಲಿನಲ್ಲಿ ಮುಖವು ಹುದುಗಿತ್ತು. ಹೆಂಡತಿಯ ಹೆಣಿಗೆಕಡ್ಡಿಗಳನ್ನು ಮಸೆದು ಹರಿತ ಮಾಡಿಕೊಂಡು ವಾರಗಟ್ಟಲೆ ಕೆದಕಿದ ಬಳಿಕ, ಡಿಸೆಂಬರ್ 23ರಂದು, ಒಂದು ಮಗುವಿನ ಮುಖ ಹೊರಬಂದಿತು. ಹಾಲುಹಲ್ಲುಗಳೆಲ್ಲ ಇದ್ದುವು, ಶಾಶ್ವತವಾದ ಮೊದಲ ದವಡೆಹಲ್ಲು ಆಗತಾನೆ ಮೂಡುತ್ತಿತ್ತು.

ಆ ಮಗುವಿನ ಮಿದುಳು ಸುಮಾರು 400 ಘನ ಸೆಂಟಿಮೀಟರಿನಷ್ಟು. ಇಂದಿನ ವಯಸ್ಕ ಮನುಷ್ಯನದು ಸರಾಸರಿ 1350. ಮಿದುಳಿನ ಮಟ್ಟಿಗೆ ಅದು ವಾನರವೇ ಸರಿ. ಆದರೆ ಕೋರೆಹಲ್ಲುಗಳು ಚಿಕ್ಕವು. ಅದಕ್ಕಿಂತಲೂ ಮುಖ್ಯವಾದುದು ಬೆನ್ನುಹುರಿಯು ಬುರುಡೆಯನ್ನು ಪ್ರವೇಶಿಸುವ ರಂಧ್ರದ ಸ್ಥಾನ. ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಈ ರಂಧ್ರವು ತಲೆಯ ಹಿಂಬದಿಗೆ ಇರುತ್ತದೆ. ನಮ್ಮಲ್ಲಿ ಅದು ಅಡಿಯಲ್ಲಿದೆ. ನೀರು ತರುವ ಹೆಂಗಸಿನ ತಲೆಯ ಮೇಲೆ ಕೊಡ ಕುಳಿತಿರುವಂತೆ ನಮ್ಮ ತಲೆ ಬೆನ್ನೆಲುಬಿನ ಮೇಲೆ ಸಮತೂಕವಾಗಿ ಕುಳಿತಿದೆ. ಟಾಂಗಿನ ಶಿಶುವಿನಲ್ಲಿ ಈ ರಂಧ್ರವು ವಾನರಗಳಲ್ಲಿರುವುದಕ್ಕಿಂತ ಮುಂದಕ್ಕಿತ್ತು. ಆದುದರಿಂದ ಈ ಜೀವಿ ಎರಡು ಕಾಲಿನ ಮೇಲೆ ನಡೆಯುತ್ತಿತ್ತೆಂದು ಡಾರ್ಟನು ನಿರ್ಣಯಿಸಿ, ಅದಕ್ಕೆ ‘ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್’ ಎಂದು ಹೆಸರಿಟ್ಟು, 1925ರ ಫೆಬ್ರವರಿ 7ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದನು.

ಲಂಡನ್ನಿನ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಸರ್ ಆರ್ಥರ್ ಕೀತನಂಥವರು ಇದು ಚಿಂಪಾಂಜಿ ಗೊರಿಲ್ಲಗಳ ಬಳಗಕ್ಕೆ ಸೇರಿದ ಮರಿಯೆಂದರು. ಅವರ ಆಕ್ಷೇಪಣೆ ಪೂರ್ತಿ ನಿರಾಧಾರವೆಂದು ಹೇಳುವಂತಿಲ್ಲ. ವಾನರಗಳ ಮರಿಗಳು ಬೆಳೆದ ವಾನರಗಳಿಗಿಂತ ಮನುಷ್ಯನನ್ನು ಹೆಚ್ಚಾಗಿ ಹೋಲುವುದು ನಿಜ. ಆದರೆ ಪಿಲ್ಟ್‌ಡೌನಿನ ನೆರಳೂ ಅಲ್ಲಿ ಬಿದ್ದಿತ್ತು. ಅಲ್ಲಿ ದೊಡ್ಡ ತಲೆ, ವಾನರದ ದವಡೆ; ಇಲ್ಲಿ ಸಣ್ಣ ತಲೆ, ಮನುಷ್ಯನಂಥ ಹಲ್ಲು. ಇವೆರಡನ್ನೂ ಒಂದೇ ವಂಶಾವಳಿಯಲ್ಲಿ ಕೂರಿಸುವುದು ದುಸ್ಸಾಧ್ಯ. ಹೀಗಾಗಿ ಸುಳ್ಳು ಬುರುಡೆಯ ಸಾಕ್ಷ್ಯದ ಮುಂದೆ ನಿಜವಾದ ಬುರುಡೆ ನಿಲ್ಲದೆ ಹೋಯಿತು.

ಡಾರ್ಟನ ಪಕ್ಷವನ್ನು ವಹಿಸಿದವನು ರಾಬರ್ಟ್ ಬ್ರೂಮ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಎಪ್ಪತ್ತರ ಸಮೀಪದ ವಯಸ್ಸಿನಲ್ಲಿ, 1936ರಲ್ಲಿ, ಅವನು ಸ್ಟರ್ಕ್‌ಫಾಂಟೀನಿನ ಗುಹೆಗಳಲ್ಲಿ ಇದೇ ಬಗೆಯ ವಯಸ್ಕ ಜೀವಿಯ ಅವಶೇಷವನ್ನು ಪಡೆದನು. 1947ರಲ್ಲಿ ಅಲ್ಲಿಯೇ ಒಂದು ಉತ್ತಮ ತಲೆಬುರುಡೆಯೂ, ನೆಟ್ಟಗೆ ನಡೆಯುವುದಕ್ಕೆ ತಕ್ಕ ಸೊಂಟದ ಮೂಳೆಗಳೂ ದೊರೆತುವು. ಅದೇ ವರ್ಷ ಕೀತನು, ಡಾರ್ಟನದೇ ಸರಿ, ತನ್ನದು ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡನು. ಇದು ಅವನ ದೊಡ್ಡತನವನ್ನು ತೋರಿಸುತ್ತದೆ. 1953ರಲ್ಲಿ ಪಿಲ್ಟ್‌ಡೌನಿನ ಗುಟ್ಟೂ ಬಯಲಾಯಿತು. ಓಕ್ಲಿ, ವೀನರ್, ಲ ಗ್ರಾಸ್ ಕ್ಲಾರ್ಕ್ ಎಂಬ ಮೂವರ ಪರೀಕ್ಷೆಯಿಂದ ಹಲ್ಲುಗಳನ್ನು ಅರದಿಂದ ಉಜ್ಜಿ, ಅಸ್ಥಿಗಳಿಗೆ ಬಣ್ಣ ಹಚ್ಚಿದ್ದುದು ಸಿದ್ಧವಾಯಿತು. ದವಡೆ ಒರಾಂಗುಟಾನಿನದು. ಡಾಸನನು 1916ರಲ್ಲಿಯೇ ತೀರಿಕೊಂಡಿದ್ದನು. ಈ ಕೃತ್ರಿಮವು ಅವನದೇ ಎಂಬುದು ಇಂದಿನ ಪ್ರಬಲವಾದ ಅಭಿಪ್ರಾಯ.

ಆ ಬಳಿಕ ಸಾಕ್ಷ್ಯವು ಬೆಳೆಯುತ್ತಲೇ ಬಂದಿದೆ. 1974ರಲ್ಲಿ ಇಥಿಯೋಪಿಯದ ಹದಾರಿನಲ್ಲಿ ಡೊನಾಲ್ಡ್ ಜೊಹಾನ್ಸನ್ನನ ತಂಡಕ್ಕೆ ದೊರೆತ ‘ಲೂಸಿ’ ಎಂಬ ಅಸ್ಥಿಪಂಜರವು ಸುಮಾರು 32 ಲಕ್ಷ ವರ್ಷಗಳಷ್ಟು ಹಳೆಯದು. ಮಿದುಳು ಚಿಕ್ಕದು, ಸೊಂಟವೂ ಮೊಣಕಾಲೂ ನಡೆಯುವವಳವು. 1978ರಲ್ಲಿ ತಾನ್ಜಾನಿಯದ ಲೇಟೋಲಿಯಲ್ಲಿ ಶ್ರೀಮತಿ ಮೇರಿ ಲೀಕಿಯವರ ತಂಡವು ಹೆಜ್ಜೆಗಳ ಸಾಲನ್ನೇ ಕಂಡಿತು. ಸುಮಾರು 36 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ಮಳೆಗೆ ನೆನೆದಿದ್ದಾಗ ಅದರ ಮೇಲೆ ಕೆಲವರು ನಡೆದುಹೋಗಿದ್ದರು. ಹೆಬ್ಬೆರಳು ಇತರ ಬೆರಳುಗಳ ಸಾಲಿನಲ್ಲಿಯೇ ಊರಿದೆ. ಇದುವರೆಗೆ ದೊರೆತ ಅತ್ಯಂತ ಹಳೆಯ ಕಲ್ಲಿನ ಉಪಕರಣಗಳು ಕೀನ್ಯದ ಲೊಮೆಕ್ವಿಯವು. ಅವಕ್ಕೆ 33 ಲಕ್ಷ ವರ್ಷ. ಮಿದುಳು ಗಣನೀಯವಾಗಿ ದೊಡ್ಡದಾದುದು ಬಹುಮಟ್ಟಿಗೆ ಈಚಿನ 20 ಲಕ್ಷ ವರ್ಷಗಳಲ್ಲಿ. ನಮ್ಮ ಸ್ವಂತ ಜಾತಿಯ ಕುರುಹುಗಳಾದರೋ ಸುಮಾರು 3 ಲಕ್ಷ ವರ್ಷಗಳಷ್ಟು ಮಾತ್ರ ಹಳೆಯವು.

ಟಾಂಗಿನ ಶಿಶುವು ಮೂರುನಾಲ್ಕು ವರ್ಷದ್ದಾಗಿದ್ದಾಗ ದೊಡ್ಡ ಹದ್ದೊಂದರ ಉಗುರಿಗೆ ಸಿಕ್ಕಿ ಸತ್ತಿರಬೇಕೆಂದು ಬುರುಡೆಯ ಮೇಲಿನ ಗಾಯಗಳಿಂದ ಶಾಸ್ತ್ರಜ್ಞರು ಊಹಿಸಿದ್ದಾರೆ. ಬುದ್ಧಿಯ ಬಲವಾಗಲಿ ಆಯುಧದ ಬಲವಾಗಲಿ ಹೆಚ್ಚಾಗಿಲ್ಲದೆ, ಬಯಲಿನಲ್ಲಿ ಎರಡು ಕಾಲಿನ ಮೇಲೆ ನಡೆಯುತ್ತಿದ್ದ ದುರ್ಬಲ ಜೀವಿಗಳು ಇವು. ನಮ್ಮ ವಂಶದ ಬಹುಕಾಲ ಕಳೆದುದು ಇಂಥವರ ಬಾಳಿನಲ್ಲಿಯೇ.

ಆಫ್ರಿಕದಿಂದ ಹೊರಟ ಈ ನಡಿಗೆ ನಮ್ಮ ನಾಡನ್ನೂ ಮುಟ್ಟಿತು. ಯಾದಗಿರಿ ಜಿಲ್ಲೆಯ ಹುಣಸಗಿಯ ಬಳಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆ ಆದಿಮಾನವರು ಸುಣ್ಣಕಲ್ಲನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದರು. ಅವರ ಕಲ್ಲುಗಳು ದೊರೆತಿವೆ. ಅವರ ಅಸ್ಥಿಗಳು ದೊರೆತಿಲ್ಲ. ಟಾಂಗಿನಲ್ಲಿ ಆದಂತೆ ನಮ್ಮಲ್ಲಿಯೂ ಎಂದಾದರೊಂದು ದಿನ ಗಣಿಯ ಕೂಲಿಯವನೊಬ್ಬನ ಗುದ್ದಲಿಗೆ ಅಂಥದೊಂದು ಮುಖವು ಸಿಕ್ಕಬಹುದು. ಅದು ನಮ್ಮ ಎಣಿಕೆಗೆ ತಕ್ಕಂತೆ ಇರಲೇಬೇಕೆಂಬ ನಿಯಮವೇನೂ ಇಲ್ಲ. ಅದು ಹೇಳುವುದನ್ನು ತಾಳ್ಮೆಯಿಂದ ಕೇಳುವಷ್ಟು ವಿನಯವನ್ನು ನಾವು ಈಗಿನಿಂದಲೇ ರೂಢಿಸಿಕೊಳ್ಳುವುದು ಒಳ್ಳೆಯದು.