ಮೌನವು ಸಮ್ಮತಿಯೇ?

ಬಾಯಿ ತೆರೆಯದವನು ಒಪ್ಪಿದ್ದಾನೆ ಎಂದು ತಿಳಿಯುವುದು ನಮ್ಮಲ್ಲಿ ಹಳೆಯ ರೂಢಿ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ಅದಕ್ಕೊಂದು ಮಾತನ್ನೂ ಮಾಡಿಕೊಂಡಿದ್ದೇವೆ. ಕೇಳುವವನಿಗೆ ಇದರಿಂದ ಬಹಳ ಅನುಕೂಲ. ಕೇಳಿಸಿಕೊಂಡವನ ಮೌನಕ್ಕೆ ಸಂಕೋಚ, ಅವಸರ, ಪ್ರಶ್ನೆ ಅರ್ಥವಾಗದಿರುವುದು, ಹೀಗೆ ಬೇರೆ ಕಾರಣಗಳೂ ಇರಬಹುದು ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಕಂಪ್ಯೂಟರ್ ಯುಗದಲ್ಲಿ ಈ ರೂಢಿ ಪರದೆಯ ಮೇಲಿನ ಒಂದು ಪುಟ್ಟ ಚೌಕದೊಳಗೆ ಬಂದು ಕುಳಿತಿದೆ. ‘ನಿಮ್ಮ ಯಂತ್ರದ ಮಾಹಿತಿಯನ್ನು ನಮಗೆ ಕಳುಹಿಸಿ’ ಎಂಬ ವಾಕ್ಯದ ಪಕ್ಕದಲ್ಲಿ ಒಪ್ಪಿಗೆಯ ಗುರುತು ಮೊದಲೇ ಬಿದ್ದಿರುತ್ತದೆ. ನಾವು ಅದನ್ನು ನೋಡದೆ ಮುಂದೆ ಸಾಗುತ್ತೇವೆ. ನಮ್ಮ ಮೌನ ಸಮ್ಮತಿಯಾಗುತ್ತದೆ.

ದೂರದಿಂದ ಅಳೆಯುವ ವಿದ್ಯೆಗೆ ಟೆಲಿಮೆಟ್ರಿ ಎಂದು ಹೆಸರು. ಹವಾಮಾನದ ಬಲೂನು, ರಾಕೆಟ್ಟುಗಳಿಗೆ ಬಳಕೆಯಾಗುತ್ತಿದ್ದ ಈ ಪದ ಈಗ ನಮ್ಮ ಮೇಜಿನ ಮೇಲಿನ ಯಂತ್ರಕ್ಕೂ ಅಂಟಿಕೊಂಡಿದೆ. ಯಾವ ತಂತ್ರಾಂಶ ಎಷ್ಟು ಬಳಕೆಯಾಯಿತು, ಯಂತ್ರದ ಸಾಮರ್ಥ್ಯವೆಷ್ಟು, ಎಲ್ಲಿ ಕೆಟ್ಟಿತು ಎಂಬ ವರದಿಗಳು ತಯಾರಕನಿಗೆ ತಾವಾಗಿಯೇ ತಲುಪುತ್ತವೆ. 2015ರಲ್ಲಿ ಬಂದ ವಿಂಡೋಸ್ 10 ಈ ಕಾರಣಕ್ಕೇ ಟೀಕೆಗೆ ಗುರಿಯಾಯಿತು. 2017ರಲ್ಲಿ ನೆದರ್‌ಲ್ಯಾಂಡ್ಸ್‌ನ ದತ್ತಾಂಶ ರಕ್ಷಣಾ ಪ್ರಾಧಿಕಾರ, ಅದು ಆ ದೇಶದ ಖಾಸಗಿತನದ ಕಾನೂನನ್ನು ಮುರಿದಿದೆ ಎಂದು ಹೇಳಿತು. ಆದರೆ ಇಲ್ಲಿ ನಾವು ನೋಡಹೊರಟಿರುವುದು ಇನ್ನೊಂದು ಮನೆಯ ಚರಿತ್ರೆಯನ್ನು. ‘ನಮ್ಮಲ್ಲಿ ಗುಟ್ಟೇನೂ ಇಲ್ಲ, ಬಾಗಿಲು ತೆರೆದೇ ಇದೆ’ ಎಂದು ಹೇಳಿಕೊಂಡು ಬಂದ ಮುಕ್ತ ತಂತ್ರಾಂಶದ ಮನೆ ಅದು.

1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. ಯಂತ್ರ ಏನು ಮಾಡುತ್ತಿದೆ ಎಂದು ತಿಳಿಯುವ ಹಕ್ಕು ಅದರ ಒಡೆಯನಿಗಿರಬೇಕು ಎಂಬುದು ಅದರ ತಿರುಳು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಅದರೊಂದಿಗೆ ಸೇರಿ ಪೂರ್ಣ ಕಾರ್ಯಾಚರಣಾ ವ್ಯವಸ್ಥೆಯೊಂದು ಸಿದ್ಧವಾಯಿತು. ಯಾರು ಬೇಕಾದರೂ ಪ್ರತಿ ಮಾಡಬಹುದು, ಹಂಚಬಹುದು. ಈ ಸ್ವಾತಂತ್ರ್ಯದಿಂದಲೇ ಒಂದು ತೊಡಕು ಹುಟ್ಟಿತು. ಮಾರಾಟದ ಲೆಕ್ಕವೇ ಇಲ್ಲದಿರುವಾಗ ಬಳಸುವವರು ಎಷ್ಟು ಮಂದಿ, ಅವರಲ್ಲಿರುವ ಯಂತ್ರ ಯಾವುದು ಎಂದು ತಿಳಿಯುವುದು ಹೇಗೆ?

1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಸ್ವಯಂಸೇವಕರ ಯೋಜನೆ ಇದಕ್ಕೊಂದು ಸಭ್ಯ ದಾರಿ ಹುಡುಕಿತು. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿ ‘ಜನಪ್ರಿಯತಾ ಸ್ಪರ್ಧೆ’ ಎಂಬ ಅರ್ಥದ ಹೆಸರಿನ ಸಣ್ಣ ತಂತ್ರಾಂಶವೊಂದು ಬಂತು. ನಮ್ಮ ಯಂತ್ರದಲ್ಲಿ ಯಾವ ಯಾವ ತಂತ್ರಾಂಶಗಳಿವೆ, ಅವು ಬಳಕೆಯಲ್ಲಿವೆಯೇ ಎಂಬ ಪಟ್ಟಿಯನ್ನು ಅದು ವಾರಕ್ಕೊಮ್ಮೆ ಕಳುಹಿಸುತ್ತದೆ. ಮೊದಲ ಸಿ.ಡಿ.ಯಲ್ಲಿ ಯಾವುದಕ್ಕೆ ಜಾಗ ಕೊಡಬೇಕು ಎಂಬಂತಹ ತೀರ್ಮಾನಗಳಿಗೆ ಈ ಪಟ್ಟಿ ನೆರವಾಗುತ್ತದೆ. ವ್ಯವಸ್ಥೆಯನ್ನು ಸ್ಥಾಪಿಸುವಾಗಲೇ ‘ಭಾಗವಹಿಸುತ್ತೀರಾ?’ ಎಂದು ಕೇಳಲಾಗುತ್ತದೆ; ಮೊದಲೇ ಇಟ್ಟಿರುವ ಉತ್ತರ ‘ಇಲ್ಲ’. ಅಲ್ಲಿ ಮೌನಕ್ಕೆ ಅಸಮ್ಮತಿ ಎಂದೇ ಅರ್ಥ.

ದಕ್ಷಿಣ ಆಫ್ರಿಕಾದ ಉದ್ಯಮಿ ಮಾರ್ಕ್ ಶಟಲ್‌ವರ್ತ್ 2004ರಲ್ಲಿ ಡೆಬಿಯನ್‌ನ ಬುನಾದಿಯ ಮೇಲೆ ಉಬುಂಟುವನ್ನು ಕಟ್ಟಿದರು. ಆಫ್ರಿಕನ್ ಭಾಷೆಗಳಲ್ಲಿ ಆ ಪದಕ್ಕೆ ಮಾನವೀಯತೆ ಎಂಬ ಅರ್ಥವಿದೆ. ಕೇಳಿದವರಿಗೆ ಅದರ ಸಿ.ಡಿ.ಗಳು ಅಂಚೆಯಲ್ಲಿ ಉಚಿತವಾಗಿ ಬರುತ್ತಿದ್ದ ಕಾಲವೊಂದಿತ್ತು. ಬಿರುಕು ಕಾಣಿಸಿಕೊಂಡದ್ದು 2012ರ ಅಕ್ಟೋಬರ್‌ನಲ್ಲಿ ಬಂದ 12.10ನೇ ಆವೃತ್ತಿಯಲ್ಲಿ. ಬಳಕೆದಾರ ತನ್ನ ಯಂತ್ರದಲ್ಲೇ ಇರುವ ಕಡತವೊಂದನ್ನು ಹುಡುಕಲು ಅಕ್ಷರ ಒತ್ತಿದರೆ, ಆ ಅಕ್ಷರಗಳು ಉಬುಂಟುವಿನ ಒಡೆತನದ ಕೆನಾನಿಕಲ್ ಕಂಪೆನಿಯ ಸರ್ವರಿಗೆ ಹೋಗುತ್ತಿದ್ದವು. ಅಮೆಜಾನ್ ಅಂಗಡಿಯ ಸರಕುಗಳು ಪರದೆಯ ಮೇಲೆ ಬರುತ್ತಿದ್ದವು. ಕೊಂಡರೆ ಕಂಪೆನಿಗೆ ದಲ್ಲಾಳಿ ಹಣ. ವೈದ್ಯರ ವರದಿಯನ್ನೋ ವಕೀಲರಿಗೆ ಬರೆದ ಪತ್ರವನ್ನೋ ತನ್ನದೇ ಕಪಾಟಿನಲ್ಲಿ ಹುಡುಕುವವನ ಪಕ್ಕದಲ್ಲಿ ಅಂಗಡಿಯವನೊಬ್ಬ ಬಂದು ನಿಂತಂತಾಯಿತು.

ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಆಕ್ಷೇಪಿಸಿತು. ಸ್ಟಾಲ್‌ಮನ್ ಆ ಡಿಸೆಂಬರ್‌ನಲ್ಲಿ ಇದನ್ನು ಬೇಹುಗಾರಿಕೆಯ ತಂತ್ರಾಂಶವೆಂದೇ ಕರೆದು, ಉಬುಂಟುವನ್ನು ಇನ್ನೊಬ್ಬರಿಗೆ ಶಿಫಾರಸು ಮಾಡಬೇಡಿ ಎಂದರು. ಶಟಲ್‌ವರ್ತ್ ಕೊಟ್ಟ ಸಮರ್ಥನೆ ಗಮನಾರ್ಹ. ನಮ್ಮನ್ನು ನಂಬುವುದಿಲ್ಲವೆಂದರೆ ಹೇಗೆ, ಪ್ರತಿಯೊಂದು ಪರಿಷ್ಕರಣೆಯಲ್ಲೂ ನಿಮ್ಮ ಯಂತ್ರದ ಸರ್ವಾಧಿಕಾರವನ್ನು ನಮ್ಮ ಕೈಗೇ ಕೊಟ್ಟಿದ್ದೀರಲ್ಲ ಎಂಬುದು ಅದರ ಸಾರ. ಮಾತು ಸುಳ್ಳಲ್ಲ. ಆದರೆ ರಿಪೇರಿಗೆಂದು ಮನೆಯ ಬೀಗದ ಕೈ ಪಡೆದವನು ಕಪಾಟಿನಲ್ಲಿ ಏನಿದೆ ಎಂದು ಬರೆದುಕೊಳ್ಳಬಹುದೇ? ಒಂದು ಕೆಲಸಕ್ಕೆ ಕೊಟ್ಟ ನಂಬಿಕೆಯನ್ನು ಇನ್ನೊಂದಕ್ಕೆ ಬಳಸಿದರೆ ಬೇಲಿಯೇ ಹೊಲ ಮೇದಂತೆ. ಕೊನೆಗೆ 2016ರ ಏಪ್ರಿಲ್‌ನ 16.04ನೇ ಆವೃತ್ತಿಯಲ್ಲಿ ಈ ಹುಡುಕಾಟವನ್ನು, ಬಳಕೆದಾರ ತಾನಾಗಿ ಬಯಸದಿದ್ದರೆ, ನಿಲ್ಲಿಸಿ ಇಡಲಾಯಿತು.

2018ರಲ್ಲಿ ಉಬುಂಟು ಮತ್ತೆ ಮಾಹಿತಿ ಕೇಳಿತು. ಈ ಬಾರಿ ಯಂತ್ರದ ತಯಾರಕ, ಸ್ಮರಣಶಕ್ತಿ, ಪರದೆಯ ಅಳತೆಯಂತಹ ವಿವರಗಳು ಮಾತ್ರ. ಏನು ಹೋಗುತ್ತಿದೆ ಎಂದು ನೋಡುವ ಅವಕಾಶವೂ ಇತ್ತು. ಇದು ನಿಜವಾದ ಸುಧಾರಣೆ. ಆದರೆ ‘ಕಳುಹಿಸು’ ಎಂಬುದು ಮೊದಲೇ ಆಯ್ಕೆಯಾಗಿತ್ತು. ಶೇ. 67 ಮಂದಿ ಒಪ್ಪಿದರೆಂದು ಕಂಪೆನಿ ಆ ವರ್ಷ ಪ್ರಕಟಿಸಿತು. ಇವರಲ್ಲಿ ಓದಿ ಒಪ್ಪಿದವರೆಷ್ಟು, ಓದದೆ ಮುಂದೆ ಹೋದವರೆಷ್ಟು? ಇದಕ್ಕೆ ಆ ಅಂಕಿಯಲ್ಲಿ ಉತ್ತರವಿಲ್ಲ.

ಇಷ್ಟು ಸಣ್ಣ ಮಾಹಿತಿಗೆ ಇಷ್ಟು ಗಲಾಟೆಯೇಕೆ, ಹೆಸರನ್ನಂತೂ ಕೇಳುತ್ತಿಲ್ಲವಲ್ಲ ಎಂದು ಕೆಲವರು ಹೇಳುವುದುಂಟು. 2006ರ ಆಗಸ್ಟ್‌ನಲ್ಲಿ ಎ.ಓ.ಎಲ್. ಕಂಪೆನಿ ಸಂಶೋಧಕರಿಗಾಗಿ ಸುಮಾರು ಆರೂವರೆ ಲಕ್ಷ ಜನರ ಎರಡು ಕೋಟಿಯಷ್ಟು ಹುಡುಕಾಟಗಳನ್ನು ಪ್ರಕಟಿಸಿತ್ತು. ಹೆಸರುಗಳ ಬದಲು ಅಂಕಿಗಳಿದ್ದವು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಒಂದು ಅಂಕಿಯ ಹಿಂದಿದ್ದ ಮಹಿಳೆಯ ಮನೆ ಬಾಗಿಲಿಗೇ ಹೋಗಿ ನಿಂತರು. ಚೂರು ಚೂರು ವಿವರಗಳು ಒಂದೆಡೆ ಸೇರಿದರೆ ಮನುಷ್ಯನ ಮುಖ ಮೂಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ತಯಾರಕರ ಕಷ್ಟವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಹಳೆಯ ಯಂತ್ರಗಳಿಗೆ ಬೆಂಬಲ ನಿಲ್ಲಿಸಬೇಕೆ ಎಂದು ತೀರ್ಮಾನಿಸುವಾಗ ಅವು ಎಷ್ಟಿವೆ ಎಂದು ತಿಳಿಯಬೇಕಾಗುತ್ತದೆ. ಲೆಕ್ಕಕ್ಕೆ ಸಿಗದ ಬಡವನ ಹಳೆಯ ಕಂಪ್ಯೂಟರ್ ತೀರ್ಮಾನಕ್ಕೂ ಸಿಗದೆ ಹೋಗುವ ಅಪಾಯ ಇದ್ದೇ ಇದೆ. ಫೆಡೋರಾ ಯೋಜನೆ ಈ ಇಕ್ಕಟ್ಟಿನಿಂದ ಹೊರಬಂದ ಬಗೆ ಕಲಿಯುವಂತಹದು. ಪ್ರತಿ ಯಂತ್ರಕ್ಕೂ ಒಂದು ಗುರುತಿನ ಸಂಖ್ಯೆ ಕೊಡುವ ಪ್ರಸ್ತಾಪ 2019ರ ಆರಂಭದಲ್ಲಿ ಬಂದಾಗ ವಿರೋಧ ಎದ್ದಿತು. 2020ರ 32ನೇ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು ಕೈಬಿಟ್ಟು, ಪರಿಷ್ಕರಣೆ ಕೇಳುವಾಗ ವಾರಕ್ಕೊಮ್ಮೆ ‘ನನ್ನನ್ನೂ ಎಣಿಸಿ’ ಎಂಬ ಒಂದು ಸೂಚನೆಯನ್ನಷ್ಟೇ ಯಂತ್ರ ಕಳುಹಿಸುವಂತೆ ಮಾಡಲಾಯಿತು. ತಲೆ ಎಣಿಸಲು ಹೆಸರು ಬರೆದುಕೊಳ್ಳಬೇಕಾಗಿಲ್ಲ ಎಂಬುದು ಇದರಿಂದ ಸಾಬೀತಾಯಿತು.

2023ರ ಜುಲೈನಲ್ಲಿ ಅದೇ ಫೆಡೋರಾದಲ್ಲಿ ಹೆಚ್ಚಿನ ಮಾಹಿತಿ ಸಂಗ್ರಹಿಸುವ ಪ್ರಸ್ತಾಪ ಬಂತು. ಒಪ್ಪಿಗೆಯ ಗುಂಡಿ ಮೊದಲೇ ಒತ್ತಿರಬೇಕು, ಇಲ್ಲದಿದ್ದರೆ ಒತ್ತುವವರೇ ಇರುವುದಿಲ್ಲ, ಸಂಗ್ರಹ ವ್ಯರ್ಥವಾಗುತ್ತದೆ ಎಂಬ ವಾದವೂ ಅದರೊಂದಿಗೆ ಬಂತು. ಕೇಳಿದರೆ ಜನ ಕೊಡುವುದಿಲ್ಲ, ಆದ್ದರಿಂದ ಕೇಳದಂತೆ ಕೇಳೋಣ ಎಂಬುದೇ ಇದರ ಅರ್ಥವಲ್ಲವೇ? ಬಿಸಿ ಚರ್ಚೆ ನಡೆದು, 2024ರ ಏಪ್ರಿಲ್‌ನಲ್ಲಿ 40ನೇ ಆವೃತ್ತಿ ಈ ಸಂಗ್ರಹವಿಲ್ಲದೆಯೇ ಹೊರಬಂತು.

ಈ ಹೊತ್ತಿಗೆ ನ್ಯಾಯಾಲಯಗಳೂ ಮಾತಾಡಿದ್ದವು. ಮೊದಲೇ ಗುರುತು ಹಾಕಿದ ಚೌಕ ಒಪ್ಪಿಗೆಯಲ್ಲ ಎಂದು ಯುರೋಪಿನ ಉನ್ನತ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ತೀರ್ಪಿತ್ತಿತು. ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನ ಕನ್ನಡಿಗರೊಬ್ಬರು 2012ರಲ್ಲಿ ಆಧಾರ್ ಕುರಿತು ಎತ್ತಿದ ಪ್ರಶ್ನೆ ಇಡೀ ದೇಶದ ಹಕ್ಕಾಯಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಸ್ವತಂತ್ರವಾಗಿ, ತಿಳಿದು, ಸ್ಪಷ್ಟ ಕ್ರಿಯೆಯ ಮೂಲಕ ಕೊಟ್ಟದ್ದಾಗಿರಬೇಕು ಎನ್ನುತ್ತದೆ.

ಮುಕ್ತ ತಂತ್ರಾಂಶದ ಲೋಕದಲ್ಲೂ ತಪ್ಪುಗಳು ನಡೆದಿವೆ. ಆದರೆ ಅಲ್ಲಿ ತಪ್ಪು ಬಯಲಾಗುತ್ತದೆ, ಜಗಳವಾಗುತ್ತದೆ, ಕೆಲವೊಮ್ಮೆ ತಿದ್ದುಪಡಿಯೂ ಆಗುತ್ತದೆ. ತೆರೆದ ಬಾಗಿಲಿನಿಂದ ಒಳಗೆ ನೋಡಿ ಪ್ರಶ್ನಿಸುವವರಿದ್ದರೆ ಮಾತ್ರ ಅದು ಸಾಧ್ಯ. ಪರದೆಯ ಮೇಲೆ ಆ ಪುಟ್ಟ ಚೌಕ ಕಂಡಾಗ ಅರೆಗಳಿಗೆ ನಿಂತು ಓದುವುದು ನಮ್ಮೆಲ್ಲರಿಂದ ಆಗುವ ಕೆಲಸ. ಓದಿದ ಮೇಲೆ ಮಾಹಿತಿ ಕೊಡಬೇಕೆನಿಸಿದರೆ ಧಾರಾಳವಾಗಿ ಕೊಡೋಣ. ಅದು ನಾವು ಕೊಟ್ಟದ್ದಾಗಿರಲಿ, ಅವರು ತೆಗೆದುಕೊಂಡದ್ದಾಗುವುದು ಬೇಡ.