ಹಂಪಿ–ಆನೆಗೊಂದಿ ಸೈಕಲ್ ಮಾರ್ಗಗಳು

ಹಂಪಿ–ಆನೆಗೊಂದಿ ಸೈಕಲ್ ಮಾರ್ಗಗಳು ಕರ್ನಾಟಕದ ತುಂಗಭದ್ರಾ ನದಿಯ ಎರಡೂ ದಂಡೆಗಳಲ್ಲಿ ಹರಡಿರುವ ಗ್ರಾಮೀಣ ರಸ್ತೆಗಳು, ಗರಸು ದಾರಿಗಳು ಹಾಗೂ ಕಾಲುವೆ ದಂಡೆಯ ಹಾದಿಗಳಾಗಿವೆ. ನದಿಯ ದಕ್ಷಿಣಕ್ಕಿರುವ ಹಂಪಿ ಮತ್ತು ಕಮಲಾಪುರಗಳು ವಿಜಯನಗರ ಜಿಲ್ಲೆಗೆ ಸೇರಿದರೆ, ಉತ್ತರಕ್ಕಿರುವ ಆನೆಗೊಂದಿ ಮತ್ತು ಸಾಣಾಪುರಗಳು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿವೆ. 1997ರಲ್ಲಿ ಕೊಪ್ಪಳ ಜಿಲ್ಲೆ ರಚನೆಯಾಗುವವರೆಗೆ ಉತ್ತರ ದಂಡೆಯ ಈ ಭಾಗವು ರಾಯಚೂರು ಜಿಲ್ಲೆಯಲ್ಲಿತ್ತು. ಇವು ಕ್ರೀಡೆಗಾಗಿ ನಿರ್ಮಿಸಿದ ಮಾರ್ಗಗಳಲ್ಲ. ಹೊಲ, ದೇವಾಲಯ ಮತ್ತು ದೋಣಿಗಟ್ಟಗಳಿಗೆ ಹೋಗಲು ಗ್ರಾಮಸ್ಥರು ಬಳಸುವ ದಾರಿಗಳೇ ಪ್ರವಾಸಿ ಸೈಕಲ್ ಸವಾರರಿಗೂ ಒದಗಿವೆ.

ಹಿನ್ನೆಲೆ

ಡಾಂಬರು ರಸ್ತೆ ಮತ್ತು ಕಚ್ಚಾ ದಾರಿಗಳೆರಡರಲ್ಲೂ ದೂರ ಪ್ರಯಾಣಿಸುವ ಸೈಕಲ್ ಸವಾರಿಯನ್ನು ಗ್ರಾವೆಲ್ ಸೈಕ್ಲಿಂಗ್ ಎಂದು ಕರೆಯಲಾಗುತ್ತದೆ. ಇದರ ಸೈಕಲ್‌ಗಳಿಗೆ ರೇಸಿಂಗ್ ಸೈಕಲ್‌ನಂತೆ ಬಾಗಿದ ಹ್ಯಾಂಡಲ್ ಇದ್ದರೂ, ಟೈರುಗಳು ಅದಕ್ಕಿಂತ ಅಗಲವಾಗಿದ್ದು ಸಾಮಾನ್ಯವಾಗಿ 35ರಿಂದ 50 ಮಿ.ಮೀ. ಇರುತ್ತವೆ. ಈ ಕ್ರೀಡೆಯ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ 2022ರಲ್ಲಿ ಇಟಲಿಯ ವೆನೆಟೊ ಪ್ರಾಂತದಲ್ಲಿ ನಡೆಯಿತು. ಫ್ರಾನ್ಸ್‌ನ ಗುಡ್ಡಗಾಡು ಪ್ರದೇಶಗಳಲ್ಲಿ ಹಳೆಯ ಗ್ರಾಮಗಳನ್ನು ಜೋಡಿಸುವ ಇಂತಹ ದಾರಿಗಳು ಪ್ರವಾಸೋದ್ಯಮದ ಭಾಗವಾಗಿವೆ. ಅಲ್ಲಿ ಐತಿಹಾಸಿಕ ಗ್ರಾಮಗಳ ರಕ್ಷಣೆಗಾಗಿ 1982ರಲ್ಲಿಯೇ ಪ್ರತ್ಯೇಕ ಸಂಘವೊಂದು ಸ್ಥಾಪನೆಯಾಗಿದೆ. ಕರ್ನಾಟಕದಲ್ಲಿ ಗುಡ್ಡ, ಕಚ್ಚಾ ದಾರಿ ಮತ್ತು ಜನವಸತಿಯಿರುವ ಪುರಾತನ ಗ್ರಾಮ ಈ ಮೂರೂ ಕೂಡಿರುವ ಪ್ರಮುಖ ಪ್ರದೇಶಗಳಲ್ಲಿ ಹಂಪಿ–ಆನೆಗೊಂದಿ ಒಂದಾಗಿದೆ.

ಭೂಲಕ್ಷಣ

ಈ ಪ್ರದೇಶದ ಬೆಟ್ಟಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಗ್ರಾನೈಟ್ ಶಿಲೆಯವು. ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಡೆದ ಶಿಥಿಲೀಕರಣದಿಂದ ಅಂಚುಗಳು ಸವೆದು, ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ದುಂಡುಬಂಡೆಗಳು ರೂಪುಗೊಂಡಿವೆ. ಬೆಟ್ಟಗಳ ನಡುವಿನ ತಗ್ಗುಗಳಲ್ಲಿ ಭತ್ತ, ಬಾಳೆ ಮತ್ತು ಕಬ್ಬು ಬೆಳೆಯಲಾಗುತ್ತದೆ. ಹಂಪಿಯ ಕಣಿವೆಗೆ ನೀರುಣಿಸುವ ತುರ್ತು ಕಾಲುವೆ ವಿಜಯನಗರ ಕಾಲದ್ದಾಗಿದ್ದು, ಇಂದಿಗೂ ಬಳಕೆಯಲ್ಲಿದೆ.

ಗುಡ್ಡಗಳು ಬಿಡಿಬಿಡಿಯಾಗಿರುವುದರಿಂದ ರಸ್ತೆಗಳು ಅವುಗಳನ್ನು ಬಳಸಿ ಸಾಗುತ್ತವೆ. ಆದ್ದರಿಂದ ಘಟ್ಟಗಳಲ್ಲಿರುವಂತಹ ದೀರ್ಘ ಏರುಗಳು ಇಲ್ಲಿಲ್ಲ. ಚಿಕ್ಕ ಏರಿಳಿತಗಳು ಪದೇ ಪದೇ ಎದುರಾಗುತ್ತವೆ. ಗರಸು ದಾರಿಗಳು ಬೇಸಿಗೆಯಲ್ಲಿ ಗಟ್ಟಿಯಾಗಿರುತ್ತವೆ. ಎರೆ ಮಣ್ಣಿನ ದಾರಿಗಳಲ್ಲಿ ಮಳೆಯ ನಂತರ ಕೆಸರು ಚಕ್ರಕ್ಕೂ ಬ್ರೇಕಿಗೂ ಮೆತ್ತಿಕೊಂಡು ಸವಾರಿ ಕಷ್ಟವಾಗುತ್ತದೆ. ದಾರಿಯ ಬದಿಯ ಬಳ್ಳಾರಿ ಜಾಲಿಯ ಮುಳ್ಳು ಪಂಕ್ಚರಿಗೆ ಮುಖ್ಯ ಕಾರಣ.

ಪ್ರಮುಖ ಮಾರ್ಗಗಳು

ದಕ್ಷಿಣ ದಂಡೆ: ಹಂಪಿ ಬಜಾರಿನಿಂದ ಆರಂಭವಾಗುವ ಮಾರ್ಗವು ಹೇಮಕೂಟದ ಬದಿಯಿಂದ ಕೃಷ್ಣ ದೇವಾಲಯಕ್ಕೆ, ಬಳಿಕ 1528ರ ಏಕಶಿಲಾ ಲಕ್ಷ್ಮೀನರಸಿಂಹ ಮೂರ್ತಿ ಮತ್ತು ಬಡವಿಲಿಂಗದ ಬಳಿಗೆ ಸಾಗುತ್ತದೆ. ಮುಂದೆ ಕಮಲ ಮಹಲ್, ಆನೆಲಾಯ, ಹಜಾರರಾಮ ದೇವಾಲಯ ಮತ್ತು ಮಹಾನವಮಿ ದಿಬ್ಬಗಳಿರುವ ಭಾಗವನ್ನು ದಾಟಿ ಕಮಲಾಪುರವನ್ನು ತಲುಪುತ್ತದೆ. ಮುಖ್ಯ ರಸ್ತೆ ಡಾಂಬರಿನದಾಗಿದ್ದು, ಸ್ಮಾರಕಗಳ ನಡುವಿನ ಅಡ್ಡದಾರಿಗಳು ಮಣ್ಣಿನವು. ಕಮಲಾಪುರದಿಂದ ಮಾಲ್ಯವಂತ ಬೆಟ್ಟದ ಕಡೆಯಿಂದ ವಿಠ್ಠಲ ದೇವಾಲಯ ಹಾಗೂ ತಳವಾರಘಟ್ಟಕ್ಕೆ ಹೋಗಬಹುದು. ಹಂಪಿ ಬಜಾರು ಮತ್ತು ಕಮಲಾಪುರದಲ್ಲಿ ಸಾಮಾನ್ಯ ಸೈಕಲ್‌ಗಳು ಬಾಡಿಗೆಗೆ ದೊರೆಯುತ್ತವೆ.

ಉತ್ತರ ದಂಡೆ: ತಳವಾರಘಟ್ಟದಲ್ಲಿ ನದಿ ದಾಟಿದರೆ ಆನೆಗೊಂದಿ ಸಿಗುತ್ತದೆ. ವಿಜಯನಗರ ಸಾಮ್ರಾಜ್ಯದ ಸ್ಥಾಪನೆಗಿಂತ ಮೊದಲೇ ಆಳ್ವಿಕೆಯ ಕೇಂದ್ರವಾಗಿದ್ದ ಈ ಗ್ರಾಮದಲ್ಲಿ ಕೋಟೆಯ ಬಾಗಿಲುಗಳು, ಗಗನ ಮಹಲ್ ಮತ್ತು ರಂಗನಾಥ ದೇವಾಲಯಗಳಿವೆ. ಸಮೀಪದ ನದಿದ್ವೀಪದಲ್ಲಿ ಮಾಧ್ವ ಯತಿಗಳ ನವಬೃಂದಾವನವಿದೆ. ಆನೆಗೊಂದಿಯಿಂದ ಪಶ್ಚಿಮಕ್ಕೆ ಸಾಗುವ ರಸ್ತೆಯು ಗದ್ದೆ ಮತ್ತು ಬಂಡೆಗಳ ನಡುವೆ ಹಾದು ಸಾಣಾಪುರದ ಕೆರೆಯನ್ನು ತಲುಪುತ್ತದೆ. ಈ ದಾರಿಯಲ್ಲಿ ಪಂಪಾಸರೋವರ ಹಾಗೂ ಅಂಜನಾದ್ರಿ ಬೆಟ್ಟಗಳಿವೆ. ಹನುಮಂತನ ಜನ್ಮಸ್ಥಳವೆಂದು ಭಕ್ತರು ನಂಬುವ ಅಂಜನಾದ್ರಿಯನ್ನು 575 ಮೆಟ್ಟಿಲುಗಳ ಮೂಲಕ ಏರಬೇಕು. ಸೈಕಲ್‌ಗಳನ್ನು ಬೆಟ್ಟದ ಬುಡದಲ್ಲಿಯೇ ಬಿಡಬೇಕಾಗುತ್ತದೆ.

ಹಿರೇಬೆಣಕಲ್: ದಿನವಿಡೀ ಸವಾರಿ ಮಾಡುವವರು ಗಂಗಾವತಿ ಸಮೀಪದ ಹಿರೇಬೆಣಕಲ್‌ವರೆಗೂ ಹೋಗಬಹುದು. ಸ್ಥಳೀಯರು ಮೊರೇರ ಗುಡ್ಡ ಎಂದು ಕರೆಯುವ ಇಲ್ಲಿನ ಬೆಟ್ಟದ ಮೇಲೆ ಸುಮಾರು 400 ಬೃಹತ್ ಶಿಲಾಯುಗದ ಸಮಾಧಿ ರಚನೆಗಳಿವೆ. ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ನೆಲೆಯನ್ನು 2021ರಲ್ಲಿ ಸೇರಿಸಲಾಯಿತು. ಗ್ರಾಮದಿಂದ ಮುಂದಿನ ದಾರಿಯನ್ನು ಕಾಲ್ನಡಿಗೆಯಲ್ಲಿಯೇ ಕ್ರಮಿಸಬೇಕು.

ರಾಯಚೂರಿನ ಕಡೆಗೆ: ಆನೆಗೊಂದಿಯು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನ ದಕ್ಷಿಣ ಅಂಚಿನಲ್ಲಿದೆ. ಹಲವು ದಿನಗಳ ಪ್ರಯಾಣ ಕೈಗೊಳ್ಳುವವರಿಗೆ ಇದೇ ನಾಡಿನ ಮಸ್ಕಿ, ಮುದಗಲ್ ಮತ್ತು ರಾಯಚೂರು ಕೋಟೆಗಳು ಮುಂದಿನ ನೆಲೆಗಳಾಗುತ್ತವೆ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಿಲಾಶಾಸನದಲ್ಲಿ ಅಶೋಕನ ಹೆಸರು ನೇರವಾಗಿ ದೊರೆತದ್ದು ಭಾರತೀಯ ಇತಿಹಾಸದ ಅಧ್ಯಯನದಲ್ಲಿ ಮಹತ್ವದ ಘಟನೆಯಾಗಿದೆ.

ನದಿ ದಾಟುವಿಕೆ ಮತ್ತು ಸೇತುವೆ ವಿವಾದ

ಸುಮಾರು 1520ರಲ್ಲಿ ವಿಜಯನಗರಕ್ಕೆ ಭೇಟಿ ನೀಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಇಲ್ಲಿ ಜನರು ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ನದಿ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಈ ಹರಿಗೋಲುಗಳು ಇಂದಿಗೂ ಉಳಿದಿವೆ. ಯಂತ್ರಚಾಲಿತ ದೋಣಿಗಳೂ ಬಂದಿವೆ. ನದಿಯಲ್ಲಿ ನಿಂತಿರುವ ಕಲ್ಲುಕಂಬಗಳು ವಿಜಯನಗರ ಕಾಲದ ಸೇತುವೆಯೊಂದರ ಅವಶೇಷಗಳಾಗಿವೆ.

ದೋಣಿ ನಿಂತಾಗ ಶಾಲೆ, ಆಸ್ಪತ್ರೆ ಮತ್ತು ಸಂತೆಗೆ ಹೋಗಲು ಗ್ರಾಮಸ್ಥರು ಬಹುದೂರ ಸುತ್ತಬೇಕಾಗುತ್ತಿದ್ದುದರಿಂದ ಸೇತುವೆ ಬಹುಕಾಲದ ಬೇಡಿಕೆಯಾಗಿತ್ತು. 1990ರ ದಶಕದಲ್ಲಿ ಆನೆಗೊಂದಿಗೆ ವಾಹನ ಸೇತುವೆ ಹಾಗೂ ವಿರೂಪಾಪುರಗಡ್ಡೆಗೆ ಕಾಲುಸೇತುವೆಯ ನಿರ್ಮಾಣ ಆರಂಭವಾಯಿತು. ಇವು ಪಾರಂಪರಿಕ ಪರಿಸರಕ್ಕೆ ಧಕ್ಕೆ ತರುತ್ತವೆ ಎಂಬ ಕಾರಣದಿಂದ, 1986ರಲ್ಲಿ ವಿಶ್ವ ಪರಂಪರೆಯ ತಾಣವಾಗಿದ್ದ ಹಂಪಿಯನ್ನು ಯುನೆಸ್ಕೊ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕಾಲುಸೇತುವೆಯನ್ನು ತೆರವುಗೊಳಿಸಲಾಯಿತು. 2006ರಲ್ಲಿ ಹಂಪಿಯನ್ನು ಆ ಪಟ್ಟಿಯಿಂದ ಕೈಬಿಡಲಾಯಿತು. ನಿರ್ಮಾಣ ಹಂತದಲ್ಲಿದ್ದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಮೃತಪಟ್ಟರು. ಅನಂತರ ಸ್ಮಾರಕಗಳಿಂದ ದೂರದಲ್ಲಿ ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಬೇರೊಂದು ಸೇತುವೆ ನಿರ್ಮಾಣವಾಯಿತು. ಸೈಕಲ್ ಸವಾರರು ಒಂದು ದಂಡೆಯಿಂದ ಹೊರಟು ದೋಣಿಯಲ್ಲಿ ದಾಟಿ, ಈ ಸೇತುವೆಯ ಮೂಲಕ ಹಿಂದಿರುಗಿ ಪೂರ್ಣ ಸುತ್ತನ್ನು ಮುಗಿಸಬಹುದು.

ಸಂರಕ್ಷಣೆ

ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು 2002ರ ಕಾಯಿದೆಯಡಿ ರಚಿಸಲಾಗಿದ್ದು, ಸಂರಕ್ಷಿತ ತಾಣದ ವಿಸ್ತೀರ್ಣ ಸುಮಾರು 42 ಚದರ ಕಿ.ಮೀ. ಇದೆ. ಈ ವ್ಯಾಪ್ತಿಯಲ್ಲಿ ಹೊಸ ಕಟ್ಟಡ ಮತ್ತು ರಸ್ತೆ ವಿಸ್ತರಣೆಗೆ ನಿರ್ಬಂಧಗಳಿವೆ. ಹಲವು ಕಚ್ಚಾ ದಾರಿಗಳು ಹಳೆಯ ಸ್ವರೂಪದಲ್ಲಿಯೇ ಉಳಿಯಲು ಇಂತಹ ನಿರ್ಬಂಧಗಳು ನೆರವಾಗಿವೆ. ಆದರೆ ಅವುಗಳ ಹೊರೆ ಸ್ಥಳೀಯರ ಮೇಲೂ ಬಿದ್ದಿದೆ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಮನೆ ಮತ್ತು ಅಂಗಡಿಗಳನ್ನು ತೆರವುಗೊಳಿಸಲಾಯಿತು. ವಿರೂಪಾಪುರಗಡ್ಡೆಯ ಅನಧಿಕೃತ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ 2020ರಲ್ಲಿ ಕೆಡವಲಾಯಿತು. ಹೀಗಾಗಿ ಪ್ರವಾಸಿಗರು ಮೆಚ್ಚುವ ಇಲ್ಲಿನ ಶಾಂತ ದಾರಿಗಳು, ಪರಂಪರೆಯ ರಕ್ಷಣೆ ಮತ್ತು ಗ್ರಾಮಸ್ಥರ ಜೀವನೋಪಾಯಗಳ ನಡುವಿನ ಇನ್ನೂ ಮುಗಿಯದ ಪ್ರಶ್ನೆಯ ಭಾಗವೂ ಆಗಿವೆ.

ಹವಾಮಾನ ಮತ್ತು ಸುರಕ್ಷತೆ

ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಸವಾರಿಗೆ ಸೂಕ್ತವಾಗಿದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ನದಿದಂಡೆಯ ಮಂಟಪಗಳು ಮುಳುಗುತ್ತವೆ ಮತ್ತು ದೋಣಿ ಸಂಚಾರವನ್ನು ನಿಲ್ಲಿಸಲಾಗುತ್ತದೆ. ಸುತ್ತಲಿನ ಬೆಟ್ಟಗಳಲ್ಲಿ ಚಿರತೆ ಮತ್ತು ಕರಡಿಗಳಿರುವುದರಿಂದ ಕತ್ತಲಾಗುವ ಮುನ್ನ ಸವಾರಿ ಮುಗಿಸುವುದು ಸುರಕ್ಷಿತ. ಸಮೀಪದ ದರೋಜಿಯಲ್ಲಿ 1994ರಲ್ಲಿ ಸ್ಥಾಪನೆಯಾದ ಕರಡಿಧಾಮವಿದೆ.

ಇವನ್ನೂ ನೋಡಿ

ಹಂಪಿ
ಆನೆಗೊಂದಿ
ಹಿರೇಬೆಣಕಲ್
ಹರಿಗೋಲು
ರಾಯಚೂರು ಕೋಟೆ